ಅಟ್ಟದ ಮೇಲೆ ಸಿಕ್ಕ ಹಳೇ ಟೀ ಡಬ್ಬ: ಎಷ್ಟು ವರ್ಷದ್ದು, ಕಾಪಾಡುವುದು ಹೇಗೆ?

ಸಾಗರದ ಸೊಸೆ

ಎಲ್ಲರಿಗೂ ನಮಸ್ಕಾರ. ಈ ಗುಂಪಿಗೆ ಹೊಸಬಳು. ಮಾವನವರ ಹಳೇ ಮನೆಯ ಹೆಂಚು ಬಿಚ್ಚಿಸುತ್ತಿದ್ದೇವೆ. ಅಟ್ಟ ಖಾಲಿ ಮಾಡುವಾಗ ಅಡಿಕೆ ಚೀಲಗಳ ಹಿಂದೆ ಒಂದು ತಗಡಿನ ಟೀ ಡಬ್ಬ ಸಿಕ್ಕಿತು. ಚೌಕಾಕಾರ, ಹೆಚ್ಚುಕಡಿಮೆ ಒಂದು ಗೇಣು ಎತ್ತರ. ಹಳದಿ ಮೈ ಮೇಲೆ ಟೀ ತೋಟದ ಚಿತ್ರ ಇದೆ. ಬೆನ್ನಿಗೆ ಬುಟ್ಟಿ ಹಾಕಿಕೊಂಡು ಎಲೆ ಕೀಳುವ ಹೆಂಗಸರು, ಇನ್ನೊಂದು ಬದಿಗೆ ಪೆಟ್ಟಿಗೆ ಹೊತ್ತ ಆನೆ. ಅಂಚಿಗೆಲ್ಲ ಚಿನ್ನದ ಬಣ್ಣದ ಬಳ್ಳಿ. ಲಿಪ್ಟನ್ ಅನ್ನುವ ಹೆಸರು ಸರಿಯಾಗಿ ಓದಬಹುದು. ಉಳಿದ ಸಣ್ಣ ಅಕ್ಷರಗಳಲ್ಲಿ ಒಂದು ಪೌಂಡ್ ತೂಕ ಅಂತ ಇದೆ, ಕಲ್ಕತ್ತಾ ಅಂತಲೂ ಇದೆ. ತಳದಲ್ಲಿ ತುಕ್ಕು, ಒಂದು ಮೂಲೆ ನೆಗ್ಗಿದೆ.

ಇದು ನಿಜವಾಗಿ ಹಳೆಯದಾ ಅಥವಾ ಈಗ ಗಿಫ್ಟ್ ಅಂಗಡಿಗಳಲ್ಲಿ ಸಿಗುವ ಹಳೇ ಥರದ ಡಬ್ಬವಾ? ನಮ್ಮತ್ತೆ ನಾಳೆ ಹುಣಸೆಹಣ್ಣು ಹಚ್ಚಿ ಫಳಫಳ ಮಾಡಿಕೊಡುತ್ತೇನೆ ಎನ್ನುತ್ತಿದ್ದಾರೆ. ಅಷ್ಟರೊಳಗೆ ಯಾರಾದರೂ ಉತ್ತರ ಕೊಡಿ ಪ್ಲೀಸ್.

ಡಬ್ಬಿ ಸಂತೆ

ಹುಣಸೆಹಣ್ಣು ಬೇಡ, ಬೇಡ, ಬೇಡ! ಅತ್ತೆಯವರಿಗೆ ಬೇರೆ ಏನಾದರೂ ಕೆಲಸ ಕೊಡಿ.

ಹಳೇ ತಗಡು

ಮೇಲಿನವರು ಹೇಳಿದ್ದು ಸರಿ. ಹಿತ್ತಾಳೆ ಚೆಂಬಿನಲ್ಲಿ ನಮಗೆ ಬೇಕಾದದ್ದು ಲೋಹ. ಹುಳಿ ಹಾಕಿ ಉಜ್ಜಿದರೆ ಕಿಲುಬು ಹೋಗಿ ಲೋಹ ಹೊಳೆಯುತ್ತದೆ. ಇಲ್ಲಿ ಬೇಕಾದದ್ದು ತಗಡಲ್ಲ, ಅದರ ಮೇಲಿನ ಅಚ್ಚು. ಅದು ಕೂದಲಿಗಿಂತ ತೆಳ್ಳಗಿನ ಬಣ್ಣ, ಮೇಲೆ ಒಂದು ಪದರ ವಾರ್ನಿಷ್. ತೆಂಗಿನ ನಾರಿನಿಂದ ನಾಲ್ಕು ಸಲ ಉಜ್ಜಿದರೆ ಆನೆ ಹೋಗಿ ಬರೀ ತಗಡು ಉಳಿಯುತ್ತದೆ.

ಕಾಲ ಗೊತ್ತು ಮಾಡಬೇಕು ಅಂದರೆ ಚಿತ್ರ ನೋಡಬೇಡಿ. ಕಂಪನಿಗಳು ಒಂದೇ ಚಿತ್ರವನ್ನು ದಶಕಗಟ್ಟಲೆ ಓಡಿಸಿವೆ. ಸಣ್ಣ ಅಕ್ಷರ ಓದಿ. ಬೆಲೆ ಆಣೆಯಲ್ಲಿದ್ದರೆ 1957ರ ಏಪ್ರಿಲ್‌ಗಿಂತ ಹಿಂದಿನದು. ನಯಾ ಪೈಸೆ ಅಂತ ಇದ್ದರೆ 1957ರಿಂದ 1964ರ ಒಳಗಿನದು, ಆಮೇಲೆ 'ನಯಾ' ಬಿಟ್ಟುಹೋಯಿತು. ತೂಕದ ಗ್ರಾಂ, ಕಿಲೋ ನಮ್ಮ ದೇಶದಲ್ಲಿ 1962ರ ಏಪ್ರಿಲ್‌ನಿಂದ ಕಡ್ಡಾಯ ಆಯಿತು. ಹಾಗಾಗಿ ಇಲ್ಲಿ ಮಾರಾಟಕ್ಕೆ ಬಂದ ಡಬ್ಬದ ಮೇಲೆ ಬರೀ ಪೌಂಡ್ ಇದ್ದರೆ ಅದಕ್ಕಿಂತ ಮುಂಚಿನದು ಎನ್ನಬಹುದು. ಆದರೆ ಹುಷಾರು, ವಿದೇಶಕ್ಕೆ ಹೋಗುವ ಮಾಲಿನ ಮೇಲೆ ಪೌಂಡ್, ಔನ್ಸ್ ಆಮೇಲೂ ಇತ್ತು. ವಿಳಾಸದಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. 'ಮೈಸೂರು ರಾಜ್ಯ' ಅಂತ ಇದ್ದರೆ 1973ರ ನವೆಂಬರ್‌ಗಿಂತ ಮುಂಚಿನದು. ಕಂಪನಿ ಹೆಸರೇ 'ಬ್ರೂಕ್ ಬಾಂಡ್ ಲಿಪ್ಟನ್ ಇಂಡಿಯಾ' ಅಂತಿದ್ದರೆ ಇನ್ನೂ ಸುಲಭ. ಎರಡು ಕಂಪನಿ ಒಂದಾದದ್ದು 1993ರಲ್ಲಿ, ಹಿಂದೂಸ್ತಾನ್ ಲಿವರ್ ಜೊತೆ ಸೇರಿದ್ದು 1996ರಲ್ಲಿ. ಅಂಥ ಡಬ್ಬವನ್ನು ಬ್ರಿಟಿಷರ ಕಾಲದ್ದು ಅಂತ ಮಾರುವವರನ್ನು ಕಣ್ಣಾರೆ ನೋಡಿದ್ದೇನೆ.

ನಿಮ್ಮ ಡಬ್ಬದ ಪಕ್ಕದ ಜೋಡಣೆ ಹತ್ತಿರ, ತಳದ ಅಂಚಿನಲ್ಲಿ ಇರುವೆಯಷ್ಟು ಸಣ್ಣ ಅಕ್ಷರ ಏನಾದರೂ ಇದೆಯಾ ನೋಡಿ. ಅಲ್ಲಿ ಟೀ ಕಂಪನಿ ಹೆಸರು ಅಲ್ಲ, ಡಬ್ಬ ಮಾಡಿದವರ ಹೆಸರು ಇರುತ್ತದೆ.

ಕಾಫಿ ಪುಡಿ

ಸುಮ್ನೆ ಕೇಳ್ತಿದ್ದೀನಿ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮದು ಕಾಫಿ ನಾಡು. ಇಲ್ಲಿ ಹಳೇ ಟೀ ಡಬ್ಬ ಎಲ್ಲಿಂದ ಬರಬೇಕು?

ಹುಬ್ಬಳ್ಳಿ ಚಹಾ

ಅಣ್ಣಾ, ಕಾಫಿ ನಾಡು ತುಂಗಭದ್ರೆಯ ಆ ಕಡೆ. ಈ ಕಡೆ ಬನ್ನಿ, ಚಹಾ ಇಲ್ಲದೆ ಬೆಳಗಾಗುವುದಿಲ್ಲ. ನಮ್ಮ ಕಾಕಾ ಅವರ ಕಿರಾಣಿ ಅಂಗಡಿಯಲ್ಲಿ ಚಹಾಪುಡಿ ತುಂಬಿಡುವ ದೊಡ್ಡ ತಗಡಿನ ಡಬ್ಬಿ ಇತ್ತು. ಅದರ ಮೈ ಮೇಲೆಲ್ಲ ಚಿತ್ರ, ಗಿರಾಕಿಗೆ ಕಾಣುವ ಕಡೆಗೆ ದೊಡ್ಡ ಅಕ್ಷರ. ಮನೆಗೆ ಕೊಂಡೊಯ್ಯುವವರು ಕಾಗದದ ಸಣ್ಣ ಪೊಟ್ಟಣ ಒಯ್ಯುತ್ತಿದ್ದರು. ಒಂದು ಪೈಸೆ ಪೊಟ್ಟಣದಿಂದಲೇ ಬ್ರೂಕ್ ಬಾಂಡಿನವರು ಹಳ್ಳಿ ಹಳ್ಳಿ ಮುಟ್ಟಿದ್ದು. ಪೊಟ್ಟಣ ಒಲೆಗೆ ಹೋಯಿತು, ಡಬ್ಬಿ ಉಳಿಯಿತು. ಡಬ್ಬಿ ಯಾರು ಒಗೀತಾರ್ರೀ? ಚಹಾ ಮುಗಿದ ಮೇಲೆ ಜೀರಿಗೆ, ಜೀರಿಗೆ ಆದ ಮೇಲೆ ಮೊಳೆ, ಸ್ಕ್ರೂ. ನಮ್ಮ ಕಡೆ ಸಿಗುವ ಡಬ್ಬಿಗಳ ಒಳಗೆ ಇವತ್ತಿಗೂ ಮೊಳೆಯೇ ಇರುತ್ತದೆ.

ಇನ್ನೊಂದು ಮಾತು. ಆನ್‌ಲೈನ್‌ನಲ್ಲಿ 'ಹಳೇ ಗ್ರೀನ್ ಲೇಬಲ್ ಟೀ ಡಬ್ಬ' ಅಂತ ನೋಡಿ ದುಡ್ಡು ಕಳಿಸಬೇಡಿ. ಲಿಪ್ಟನ್ ಗ್ರೀನ್ ಲೇಬಲ್ ಡಾರ್ಜಿಲಿಂಗ್ ಚಹಾ. ಬ್ರೂಕ್ ಬಾಂಡ್ ಗ್ರೀನ್ ಲೇಬಲ್ ಕಾಫಿ. ಮಾರುವವರಿಗೆ ಎರಡೂ ಒಂದೇ.

ಕಾಫಿ ಪುಡಿ

ಹಾಗಾದರೆ ನಮ್ಮಜ್ಜಿ ಸಾಸಿವೆ ಡಬ್ಬ ಕಾಫಿಯದ್ದು. ಖುಷಿಯಾಯಿತು.

ಸಾಗರದ ಸೊಸೆ

ಅತ್ತೆಯವರನ್ನು ಒಪ್ಪಿಸಿದೆ. ಹುಣಸೆಹಣ್ಣು ಸಾರಿಗೆ ಹೋಯಿತು. ಬೆಲೆ ಎಲ್ಲೂ ಇಲ್ಲ. ಪಿನ್‌ಕೋಡ್ ಇಲ್ಲ. ಪಕ್ಕದ ಜೋಡಣೆ ಹತ್ತಿರ 'ಮೆಟಲ್ ಬಾಕ್ಸ್' ಅಂತ ಇಂಗ್ಲಿಷಿನಲ್ಲಿ ಇದ್ದ ಹಾಗಿದೆ. ಉಳಿದದ್ದು ತುಕ್ಕಿನಲ್ಲಿ ಮುಚ್ಚಿದೆ.

ಹಳೇ ತಗಡು

ಒಳ್ಳೆಯದಾಯಿತು! ಇದಕ್ಕೊಂದು ಕಥೆ ಇದೆ, ಸ್ವಲ್ಪ ಉದ್ದ. ಬೇಡ ಅನಿಸಿದವರು ಕೆಳಗೆ ಹೋಗಿ.

ಡಬ್ಬದ ಮೇಲಿನ ಚಿತ್ರದ ಮೂಲ ಕಲ್ಲಚ್ಚು, ಅಂದರೆ ಕಲ್ಲಿನ ಮೇಲೆ ಚಿತ್ರ ಬರೆದು ಒತ್ತುವ ಅಚ್ಚು. ಅದು ಕನ್ನಡದವರಿಗೆ ಹೊಸದಲ್ಲ. 1843ರಲ್ಲಿ ಶುರುವಾದ 'ಮಂಗಳೂರ ಸಮಾಚಾರ' ಕಲ್ಲಚ್ಚಿನಲ್ಲೇ ಹೊರಟದ್ದು. ನಮ್ಮ ದೇವರ ಮನೆಗಳ ರವಿವರ್ಮ ಪಟಗಳೂ ಅದೇ ಕೆಲಸ. ನಯ ಮಾಡಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಲ್ಲಿ ಚಿತ್ರ ಬರೆಯುತ್ತಾರೆ. ಕಲ್ಲು ಒದ್ದೆ ಮಾಡಿ ಮೇಲೆ ಶಾಯಿ ಉರುಳಿಸುತ್ತಾರೆ. ನೀರಿದ್ದ ಕಡೆ ಶಾಯಿ ಹತ್ತುವುದಿಲ್ಲ, ಜಿಡ್ಡಿದ್ದ ಕಡೆ ಹತ್ತುತ್ತದೆ. ಮೇಲೆ ಕಾಗದ ಒತ್ತಿದರೆ ಚಿತ್ರ ರೆಡಿ.

ಕಾಗದ ಮೆತ್ತಗೆ, ಶಾಯಿ ಎಳೆದುಕೊಳ್ಳುತ್ತದೆ. ತಗಡು? ಗಟ್ಟಿ ಕಲ್ಲಿನ ಮೇಲೆ ಗಟ್ಟಿ ತಗಡು ಒತ್ತಿದರೆ ಶಾಯಿ ಒಂದೇ ಸಮ ಕೂರುವುದಿಲ್ಲ. ಅದಕ್ಕೇ ಮೊದಲ ಕಾಲದ ಡಬ್ಬಗಳಿಗೆ ಕಾಗದದ ಲೇಬಲ್ ಅಂಟಿಸುತ್ತಿದ್ದರು, ಇಲ್ಲವೇ ಕಾಗದದ ಮೇಲಿನ ಚಿತ್ರವನ್ನು ತಗಡಿಗೆ ವರ್ಗಾಯಿಸುತ್ತಿದ್ದರು. 1875ರಲ್ಲಿ ಲಂಡನ್ನಿನ ಬಾರ್ಕ್ಲೇ ಅಂಡ್ ಫ್ರೈ ಕಂಪನಿಯ ರಾಬರ್ಟ್ ಬಾರ್ಕ್ಲೇ ನಡುವೆ ಒಂದು ಉರುಳೆ ಇಟ್ಟ. ಕಲ್ಲಿನಿಂದ ಚಿತ್ರ ಉರುಳೆಗೆ, ಉರುಳೆಯಿಂದ ತಗಡಿಗೆ. ಮೊದಮೊದಲು ಉರುಳೆಗೆ ರಟ್ಟಿನ ಹೊದಿಕೆ, ಆಮೇಲೆ ರಬ್ಬರ್. ಚಿತ್ರ ಎರಡು ಸಲ ಮಗುಚಿದ್ದರಿಂದ ಕಲ್ಲಿನ ಮೇಲೆ ಅಕ್ಷರ ಉಲ್ಟಾ ಬರೆಯುವ ಕಷ್ಟವೂ ತಪ್ಪಿತು. ಈಗ ನಮ್ಮ ಮದುವೆ ಕಾಗದ, ಪಠ್ಯಪುಸ್ತಕ ಎಲ್ಲ ಅಚ್ಚಾಗುವ ಆಫ್‌ಸೆಟ್ ಇದೆಯಲ್ಲ, ಅದರ ಮೂಲ ಇದೇ ತಗಡಿನ ಕೆಲಸ. ಕಾಗದಕ್ಕೆ ಅದು ಬಂದದ್ದು 1904ರ ಸುಮಾರಿಗೆ, ಅಮೆರಿಕದಲ್ಲಿ. ಇದನ್ನು ಯಾರಿಗೆ ಹೇಳಿದರೂ ನಂಬುವುದಿಲ್ಲ.

ಬಾರ್ಕ್ಲೇಯ ಪೇಟೆಂಟನ್ನು ಬೆಂಕಿಪೊಟ್ಟಣದ ಬ್ರಯಾಂಟ್ ಅಂಡ್ ಮೇ ಕೊಂಡುಕೊಂಡಿತು. 1889ಕ್ಕೆ ಅದರ ಅವಧಿ ಮುಗಿಯಿತು. ಅಲ್ಲಿಂದ ಬ್ರಿಟನ್ನಿನಲ್ಲಿ ಯಾರು ಬೇಕಾದರೂ ತಗಡಿಗೆ ಅಚ್ಚು ಹಾಕಬಹುದಾಯಿತು. ಟೀ, ಬಿಸ್ಕತ್ತು, ಸಾಸಿವೆ ಎಲ್ಲ ಬಣ್ಣದ ಡಬ್ಬಕ್ಕೆ ಬಂದವು. ಲಿಪ್ಟನ್ ಸಿಲೋನಿನಲ್ಲಿ ತೋಟ ಕೊಂಡದ್ದು 1890ರಲ್ಲಿ, ಎಷ್ಟು ಸರಿಯಾದ ಹೊತ್ತಿಗೆ ನೋಡಿ. 'ತೋಟದಿಂದ ನೇರ ಟೀ ಪಾಟಿಗೆ' ಅನ್ನುವುದು ಅವನ ಜಾಹೀರಾತಿನ ಮಾತು. ಡಬ್ಬದ ಮೇಲೆ ತೋಟ, ಬುಟ್ಟಿ, ಆನೆ ಬಂದದ್ದು ಅದಕ್ಕೇ.

ಇನ್ನು ನಿಮ್ಮ ಮೆಟಲ್ ಬಾಕ್ಸ್. 1921ರಲ್ಲಿ ಬ್ರಿಟನ್ನಿನ ಕೆಲವು ಡಬ್ಬ ಕಂಪನಿಗಳು ಒಂದಾದವು. ಅದರಲ್ಲಿ ಬಾರ್ಕ್ಲೇ ಅಂಡ್ ಫ್ರೈ ಕೂಡ ಒಂದು. ಅದೇ ಮುಂದೆ ಮೆಟಲ್ ಬಾಕ್ಸ್ ಆಯಿತು. 1933ರಲ್ಲಿ ಕಲ್ಕತ್ತಾದಲ್ಲಿ ಅದರ ಭಾರತದ ಕಂಪನಿ ಶುರುವಾಯಿತು. ಅಷ್ಟರಲ್ಲಿ ಜಮ್‌ಶೆಡ್‌ಪುರದ ಗೋಲ್ಮುರಿಯಲ್ಲಿ ಟಿನ್‌ಪ್ಲೇಟ್ ಕಂಪನಿ ತಗಡು ಮಾಡುತ್ತಿತ್ತು. ಅದು ಹುಟ್ಟಿದ್ದು ಸೀಮೆಎಣ್ಣೆ ಡಬ್ಬಕ್ಕಾಗಿ. ಕಲ್ಕತ್ತಾದ ಮೆಟಲ್ ಬಾಕ್ಸ್ ಕೆಲಸ ಅಂತಾದರೆ ನಿಮ್ಮದು 1933ಕ್ಕಿಂತ ಹಳೆಯದಲ್ಲ. ತೂಕ ಪೌಂಡಿನಲ್ಲಿ ಇರುವುದರಿಂದ 1962ಕ್ಕಿಂತ ಹೊಸದೂ ಅಲ್ಲ ಅನ್ನೋಣ. ನೂರು ವರ್ಷದ್ದು ಅಂತ ಯಾರಾದರೂ ಆಸೆ ಹುಟ್ಟಿಸಿದರೆ ನಂಬಬೇಡಿ, ಹಾಗಂತ ಸಾಮಾನ್ಯ ಡಬ್ಬವೂ ಅಲ್ಲ.

ಸಾಗರದ ಸೊಸೆ

ಅಬ್ಬಾ, ಇಷ್ಟೆಲ್ಲ ಇದೆಯಾ! ಆದರೂ ಒಂದು ಅನುಮಾನ. ಮೆಟಲ್ ಬಾಕ್ಸ್ ಅಂತ ನಕಲಿ ಮಾಡುವವರೂ ಹಾಕಬಹುದಲ್ವಾ?

ಹಳೇ ತಗಡು

ಹಾಕಬಹುದು. ಅದಕ್ಕೆ ಲೆನ್ಸ್ ಬೇಕು. ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಾರಲ್ಲ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವಂಥದ್ದು. ಆನೆಯ ಹೊಟ್ಟೆಯ ನೆರಳು ನೋಡಿ. ಈಗಿನ ಅಚ್ಚಾದರೆ ನೀಲಿ, ಗುಲಾಬಿ, ಹಳದಿ, ಕಪ್ಪು ಚುಕ್ಕೆಗಳು ಅಳತೆ ಹಿಡಿದು ಸಾಲಾಗಿ ನಿಂತು ಸಣ್ಣ ಸಣ್ಣ ಹೂವಿನ ಹಾಗೆ ಕಾಣುತ್ತವೆ. ಹಳೇ ಕಲ್ಲಚ್ಚಿನ ಕೆಲಸವಾದರೆ ಚುಕ್ಕೆಗಳು ಅಂಕುಡೊಂಕು, ಒಂದು ದಪ್ಪ, ಒಂದು ಸಣ್ಣ. ಯಾರೋ ಕೂತು ಪೆನ್ನಿನಲ್ಲಿ ಒಂದೊಂದಾಗಿ ಇಟ್ಟದ್ದು. ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು, ಆಮೇಲಿನ ಕಾಲದಲ್ಲಿ ಲೋಹದ ಪ್ಲೇಟು. ಒಂದು ಬಣ್ಣ ಹಾಕಿ ಒಲೆಯಲ್ಲಿ ಒಣಗಿಸಿ, ಮತ್ತೊಂದು ಬಣ್ಣ. ಚುಕ್ಕೆಯೊಂದನ್ನೇ ನಂಬಿ ತೀರ್ಪು ಕೊಡಬೇಡಿ, ಹಳೇ ಡಬ್ಬಗಳಲ್ಲೂ ಕೆಲವಕ್ಕೆ ಫೋಟೊ ಇರುತ್ತದೆ. ಬೇರೆ ಸುಳಿವುಗಳ ಜೊತೆ ಸೇರಿಸಿ ನೋಡಿ.

ಚಿನ್ನದ ಬಳ್ಳಿಯನ್ನೂ ನೋಡಿ. ಅಲ್ಲಿ ಚಿನ್ನದ ಬಣ್ಣ ಇರುವುದೇ ಅನುಮಾನ.

ಸಾಗರದ ಸೊಸೆ

ನೋಡಿದೆ! ಪೇಟೆಯ ವಾಚ್ ಅಂಗಡಿಯವರು ಲೆನ್ಸ್ ಕೊಟ್ಟರು. ಜೊತೆಗೆ ಅವರೂ ಕೂತು ನೋಡಿದರು. ಆನೆಯ ಹೊಟ್ಟೆ ಬೂದು ಅಂದುಕೊಂಡಿದ್ದೆ. ಅದು ತಿಳಿ ನೀಲಿಯ ಮೇಲೆ ಕಂದು ಚುಕ್ಕೆಗಳು, ಕೆಳಗೆ ಹೋದ ಹಾಗೆ ದಟ್ಟ. ಒಂದು ಕಡೆ ಕೆಂಪು ಬಣ್ಣ ಗೆರೆ ದಾಟಿದೆ, ಹೆಂಗಸಿನ ಸೆರಗು ಅವಳ ತೋಳಿನಿಂದ ಒಂದು ಎಳೆ ಆಚೆ ಕೂತಿದೆ. ಬಳ್ಳಿ ಮಾತ್ರ ವಿಚಿತ್ರ. ಬಣ್ಣ ಎದ್ದ ಕಡೆ ಕೆಳಗೆ ಬೆಳ್ಳಿ ಥರ ಹೊಳೆಯುತ್ತದೆ.

ಹಳೇ ತಗಡು

ಅದೇ ಗುಟ್ಟು. ಅಲ್ಲಿ ಬಿಳಿ ಬಣ್ಣದ ತಳ ಹಾಕದೆ ತಗಡನ್ನು ಹಾಗೇ ಬಿಟ್ಟಿದ್ದಾರೆ. ಮೇಲೆ ಪಾರದರ್ಶಕ ಹಳದಿ ವಾರ್ನಿಷ್. ಲೋಹದ ಹೊಳಪು ಹಳದಿಯಿಂದ ಹಾದು ಬಂದಾಗ ಚಿನ್ನ ಕಾಣುತ್ತದೆ. ಸೆರಗು ಆಚೆ ಕೂತದ್ದು ಒಂದು ಬಣ್ಣದ ಅಚ್ಚು ಕೂದಲೆಳೆ ಸರಿದದ್ದಕ್ಕೆ. ನನಗಂತೂ ಅಂಥ ಸೆರಗು ಇರುವ ಡಬ್ಬವೇ ಇಷ್ಟ.

ರೆಡಿಂಗ್ ಕನ್ನಡಿಗ

ಇಂಗ್ಲೆಂಡಿನಿಂದ ನಮಸ್ಕಾರ. ನಾನಿರುವ ಊರು ಹಂಟ್ಲಿ ಅಂಡ್ ಪಾಮರ್ಸ್ ಬಿಸ್ಕತ್ತಿನ ಊರು. ಇಲ್ಲಿನ ಮ್ಯೂಸಿಯಂನಲ್ಲಿ ಅವರ ಡಬ್ಬಗಳಿಗೇ ಒಂದು ಗ್ಯಾಲರಿ ಇದೆ. 1868ರಲ್ಲೇ ಅವರು ಚಿತ್ರದ ಡಬ್ಬ ಮಾಡಿಸಿದ್ದರು, ಅದು ಬಾರ್ಕ್ಲೇಗಿಂತ ಮೊದಲಿನ ವರ್ಗಾವಣೆ ವಿಧಾನದ್ದು.

ಟೀ ಡಬ್ಬದಲ್ಲಿ ಇಲ್ಲಿ ಎಲ್ಲರೂ ಹುಡುಕುವುದು ಮಜಾವಟ್ಟಿ. 1887ರಲ್ಲಿ ಆ ಹೆಸರು ಮಾರುಕಟ್ಟೆಗೆ ಬಂತು. ಕನ್ನಡಕ ಹಾಕಿದ ಅಜ್ಜಿ, ಕನ್ನಡಕ ಹಾಕಿದ ಮೊಮ್ಮಗಳು, ಕೈಯಲ್ಲಿ ಟೀ. ಆ ಚಿತ್ರ ನೋಡದ ಇಂಗ್ಲಿಷ್ ಮನೆ ಇರಲಿಲ್ಲ ಎನ್ನುತ್ತಾರೆ. ನನಗೆ ಆ ಮೊಮ್ಮಗಳು ಅಜ್ಜಿಗಿಂತ ವಯಸ್ಸಾದವಳ ಹಾಗೆ ಕಾಣುತ್ತಾಳೆ, ಇರಲಿ. 1970, 80ರ ದಶಕದಲ್ಲಿ ಇಲ್ಲಿ ಹಳೇ ಜಾಹೀರಾತಿನ ಹುಚ್ಚು ಹತ್ತಿತು. ಆಗ ಮಾಡಿದ ಮರುಮುದ್ರಣದ ಡಬ್ಬಗಳಿಗೂ ಈಗ ನಾಲ್ಕು ದಶಕ ದಾಟಿದೆ. ಅವಕ್ಕೂ ನಿಜವಾದ ತುಕ್ಕು ಬಂದಿದೆ! ಮೋಸ ಹೋಗುವುದು ಅಲ್ಲೇ.

ಪಟ್ಟಾಭಿಷೇಕದ ಡಬ್ಬಗಳಿಗೆ ಜಾಸ್ತಿ ದುಡ್ಡು ಕೊಡಬೇಡಿ. 1911, 1937, 1953, ಪ್ರತಿ ಸಲವೂ ರಾಶಿ ರಾಶಿ ಮಾಡಿದ್ದಾರೆ. ರಾಜ ರಾಣಿ ಇದ್ದಾರೆ ಅಂತ ಜನ ಎಸೆಯದೆ ಇಟ್ಟುಕೊಂಡರು. ಕಡಿಮೆ ಉಳಿದದ್ದು ಅಂಗಡಿಯ ಮಾಮೂಲಿ ಟೀ ಡಬ್ಬ.

ಬೋರ್ಡ್ ಬರೆಯೋನು

ನಾನು ಸೈನ್‌ಬೋರ್ಡ್ ಬರೆಯುವವನು. ಸಾಗರದ ಅಕ್ಕ, ತುಕ್ಕು ಹಿಡಿದ ತಳದ ಭಾಗ ಕೆರೆದು, ಪ್ರೈಮರ್ ಹಚ್ಚಿ, ಅದೇ ಹಳದಿ ಬೆರೆಸಿ ತುಂಬಿಕೊಡಬಹುದು. ಅಷ್ಟು ದೂರದಿಂದ ಗೊತ್ತೇ ಆಗುವುದಿಲ್ಲ. ನೋಡಲು ಚೆನ್ನಾಗಿರಬೇಕು ತಾನೆ ಡಬ್ಬ?

ಹಳೇ ತಗಡು

ಕೈಕೆಲಸದ ಬಗ್ಗೆ ಅನುಮಾನ ಇಲ್ಲ ಸರ್. ಆದರೆ ಬಣ್ಣ ತುಂಬಿದ ಡಬ್ಬವನ್ನು ನಾನು ಕೊಳ್ಳುವುದಿಲ್ಲ. ಒಂದು ಸಲ ಬಣ್ಣ ಬಿದ್ದರೆ ಎಲ್ಲಿಯವರೆಗೆ ಹಳೆಯದು, ಎಲ್ಲಿಂದ ನಿಮ್ಮದು ಅಂತ ಮುಂದಿನವರಿಗೆ ತಿಳಿಯುವುದಿಲ್ಲ.

ಬೋರ್ಡ್ ಬರೆಯೋನು

ನೀವು ಕೊಳ್ಳದಿದ್ದರೆ ಬಿಡಿ, ಅವರು ಮಾರುತ್ತಿಲ್ಲವಲ್ಲ. ಮನೆ ಡಬ್ಬ, ಮನೆಯವರಿಗೆ ಹೇಗೆ ಬೇಕೋ ಹಾಗೆ. ದೇವಸ್ಥಾನದ ರಥಕ್ಕೆ ವರ್ಷಾ ವರ್ಷ ಬಣ್ಣ ಹೊಡೆಯುವುದಿಲ್ವಾ?

ಹಳೇ ತಗಡು

ರಥಕ್ಕೆ ಹೊಡೆಯಬೇಕು, ಅದು ಬಳಕೆಯಲ್ಲಿದೆ. ಇದಕ್ಕೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ಇಬ್ಬರೂ ಅವರವರ ಮಾತಿಗೆ ನಿಲ್ಲೋಣ.

ಡಬ್ಬಿ ಸಂತೆ

ನಕಲಿ ತುಕ್ಕಿನ ಬಗ್ಗೆ ಸ್ವಲ್ಪ. ಒಬ್ಬ ಮಾರಾಟಗಾರರು 'ಕಾರೈಕುಡಿ ಚೆಟ್ಟಿಯಾರ್ ಮನೆಯದ್ದು' ಅಂತ ನನಗೆ ಒಂದು ಡಬ್ಬ ಕಳಿಸಿದ್ದರು. ತುಕ್ಕು ಬಣ್ಣದ ಮೇಲೆ ಕೂತಿತ್ತು, ಒದ್ದೆ ಬಟ್ಟೆಗೆ ಅರ್ಧ ಬಂತು. ನಿಜವಾದ ತುಕ್ಕು ಕೆಳಗಿನಿಂದ ಏಳುತ್ತದೆ. ಗೀರು ಬಿದ್ದ ಕಡೆ, ಅಂಚು, ಮಡಿಕೆ, ಜೋಡಣೆಯಲ್ಲಿ ಶುರುವಾಗಿ ಬಣ್ಣವನ್ನು ಚಕ್ಕೆ ಚಕ್ಕೆಯಾಗಿ ಎಬ್ಬಿಸುತ್ತದೆ. ಸವೆತವೂ ಹಾಗೇ. ಕೈ ತಾಗುವ ಮುಚ್ಚಳದ ಅಂಚು ಸವೆದಿರಬೇಕು. ನಡು ಬೆನ್ನು ಸವೆದು ಅಂಚು ಹೊಸದಾಗಿದ್ದರೆ ಯಾರೋ ಉಪ್ಪುಕಾಗದ ಆಡಿಸಿದ್ದಾರೆ ಅಂತ ಅರ್ಥ.

ಕಡಲ ತಡಿ

ಉಡುಪಿ ಕಡೆಯವಳು. ನಮ್ಮಲ್ಲಿ ಮಳೆಗಾಲ ಬಂತೆಂದರೆ ಡಬ್ಬಗಳು ಕಣ್ಣೆದುರೇ ಕರಗುತ್ತವೆ. ತವರ ಬಳಿದ ತಗಡಿಗೆ ಯಾಕೆ ಇಷ್ಟು ಬೇಗ ತುಕ್ಕು? ನೀವೆಲ್ಲ ಏನು ಹಚ್ಚುತ್ತೀರಿ? ಅಮ್ಮ ಕೊಬ್ಬರಿ ಎಣ್ಣೆ ಎನ್ನುತ್ತಾರೆ.

ಹಳೇ ತಗಡು

ಅಕ್ಕ, ಪಾತ್ರೆಗೆ ಕಲಾಯಿ ಹಾಕುವುದೂ ಅದೇ ತವರ. ಅದು ಮುಚ್ಚಿಕೊಂಡಿರುವವರೆಗೆ ಒಳಗಿನ ಕಬ್ಬಿಣ ಕ್ಷೇಮ. ಒಂದು ಗೀರು ಬಿದ್ದರೆ ತವರ ಹಾಗೇ ಉಳಿದು ಕಬ್ಬಿಣ ಮೊದಲು ತುಕ್ಕು ಹಿಡಿಯುತ್ತದೆ. ಸತು ಬಳಿದ ಬಕೆಟ್ಟಿನಲ್ಲಿ ಇದು ಉಲ್ಟಾ, ಸತು ತಾನು ಸವೆದು ಕಬ್ಬಿಣ ಉಳಿಸುತ್ತದೆ.

ಕೊಬ್ಬರಿ ಎಣ್ಣೆ ಮೊದಲ ದಿನ ಚೆಂದ ಕಾಣುತ್ತದೆ, ಆಮೇಲೆ ಧೂಳು ಹಿಡಿದು ಜಿಡ್ಡಾಗುತ್ತದೆ. ಮೊದಲು ಒಣ ಮೆತ್ತನೆ ಬ್ರಷ್‌ನಿಂದ ಧೂಳು ತೆಗೆಯಿರಿ. ಕೊಳೆ ಹೋಗದಿದ್ದರೆ ಹತ್ತಿಯನ್ನು ನೀರಿಗೆ ಅದ್ದಿ ಚೆನ್ನಾಗಿ ಹಿಂಡಿ, ತಳದ ಬದಿ ಕಾಣದ ಜಾಗದಲ್ಲಿ ಒತ್ತಿ ನೋಡಿ. ಹತ್ತಿಗೆ ಬಣ್ಣ ಹತ್ತಿದರೆ ಅಲ್ಲಿಗೇ ನಿಲ್ಲಿಸಿ. ಹತ್ತದಿದ್ದರೆ ಸ್ವಲ್ಪ ಸ್ವಲ್ಪವೇ ಒರೆಸಿ, ಕೂಡಲೇ ಒಣಗಿಸಿ. ಸೋಪು, ಪಾತ್ರೆ ಪುಡಿ, ಸ್ಪಿರಿಟ್ ಯಾವುದೂ ಬೇಡ. ಆಮೇಲೆ ಮೈಕ್ರೋಕ್ರಿಸ್ಟಲಿನ್ ವ್ಯಾಕ್ಸ್ ತೆಳ್ಳಗೆ. ರೆನೈಸಾನ್ಸ್ ವ್ಯಾಕ್ಸ್ ಅಂತ ಸಿಗುತ್ತದೆ, ಬ್ರಿಟಿಷ್ ಮ್ಯೂಸಿಯಂನವರು 1950ರ ದಶಕದಲ್ಲಿ ತಯಾರಿಸಿದ್ದು. ಬಣ್ಣ ಚಕ್ಕೆ ಏಳುತ್ತಿರುವ ಜಾಗಕ್ಕೆ ಅದನ್ನೂ ಉಜ್ಜಬೇಡಿ. ಒಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಹೊರಗೋಡೆಗೆ ತಾಗದ ಕಪಾಟಿನಲ್ಲಿ ಇಡಿ. ಬಿಸಿಲು ಬೀಳುವ ಕಿಟಕಿ ಮಾತ್ರ ಬೇಡ.

ಸಾಗರದವರಿಗೆ: ನೆಗ್ಗಿದ ಮೂಲೆ ಸರಿ ಮಾಡಲು ಹೋಗಬೇಡಿ. ತಗಡು ಬಾಗಿದರೆ ಮೇಲಿನ ಬಣ್ಣ ಬಾಗುವುದಿಲ್ಲ, ಸಿಡಿಯುತ್ತದೆ.

ಸಾಗರದ ಸೊಸೆ

ಸರಿ, ಮೂಲೆ ಹಾಗೇ ಇರಲಿ. ಅತ್ತೆ ಈಗ ಅದರಲ್ಲಿ ಚಹಾಪುಡಿ ತುಂಬಿಡೋಣ ಎನ್ನುತ್ತಿದ್ದಾರೆ. ಇಡಬಹುದಾ?

ಹುಬ್ಬಳ್ಳಿ ಚಹಾ

ಬೇಡ ಅಕ್ಕಾ. ಹಳೇ ಬೆಸುಗೆಯಲ್ಲಿ ಸೀಸ ಇರುತ್ತದೆ, ಹಳೇ ಹಳದಿ ಬಣ್ಣದಲ್ಲೂ ಇರಬಹುದು. ತಿನ್ನುವ ಕುಡಿಯುವ ಪದಾರ್ಥ ಒಳಗೆ ಬೇಡ, ಸಣ್ಣ ಮಕ್ಕಳ ಕೈಗೂ ಬೇಡ. ಗುಂಡಿ, ಸೂಜಿ ಇಡಿ, ಡಬ್ಬಿಗೂ ಕೆಲಸ ಇರುತ್ತದೆ.

ರೆಡಿಂಗ್ ಕನ್ನಡಿಗ

ಊರಿಗೆ ಬಂದಾಗ ಚಿಕ್ಕಪೇಟೆ ಸಂಡೇ ಬಜಾರಿನಲ್ಲಿ ನಾನೂ ಒಂದೆರಡು ಡಬ್ಬ ಹುಡುಕಬೇಕು ಅಂತಿದ್ದೇನೆ. ಇಲ್ಲಿಗೆ ತರಲು ತೊಂದರೆ ಇದೆಯಾ?

ಡಬ್ಬಿ ಸಂತೆ

ನೂರು ವರ್ಷ ದಾಟಿದ ಕಲಾವಸ್ತುಗಳನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ, 1972ರ ಕಾಯ್ದೆ ಇದೆ. ನಿಮ್ಮ ಡಬ್ಬ ಅದರಲ್ಲಿ ಬರುತ್ತದೋ ಇಲ್ಲವೋ ಅಂತ ಕಸ್ಟಮ್ಸ್ ಕೌಂಟರಿನಲ್ಲಿ ವಾದ ಮಾಡುವುದಕ್ಕಿಂತ, ಪುರಾತತ್ವ ಇಲಾಖೆಯಿಂದ ಪುರಾತನ ವಸ್ತು ಅಲ್ಲ ಅನ್ನುವ ಪ್ರಮಾಣಪತ್ರ ಮೊದಲೇ ಮಾಡಿಸಿಕೊಳ್ಳಿ. 1940, 50ರ ದಶಕದ ಡಬ್ಬಕ್ಕೆ ಅಷ್ಟು ಚಿಂತೆ ಇಲ್ಲ, ಆದರೂ ಕಾಗದ ಇದ್ದರೆ ಒಳ್ಳೆಯದು.

ಭಾನುವಾರ ಬೆಳಿಗ್ಗೆ ಏಳರೊಳಗೆ ಬನ್ನಿ, ತಡವಾದರೆ ಬರೀ ಚಾರ್ಜರ್ ಸಿಗುತ್ತದೆ. ಪ್ಯಾಕ್ ಮಾಡುವಾಗ ಮುಚ್ಚಳ ಬೇರೆ ಸುತ್ತಿ, ಒಳಗೆ ಕಾಗದ ತುಂಬಿ. ಡಬ್ಬದ ಮೈಗೆ ಟೇಪ್ ಅಂಟಿಸಬೇಡಿ, ಕೀಳುವಾಗ ಬಣ್ಣವೂ ಜೊತೆಗೇ ಬರುತ್ತದೆ.